ಪಡಸಾಲೆಯ ಕೆರೆ

ನಮ್ಮಜ್ಜ ನೀರು ಕಾಯಿಸುವ ತಾಮ್ರದ ಹಂಡೆ ತರಲು ಹೋಗಿ, ಕೆರೆಯ ಸಮೇತ ಒಂದು ಅರಮನೆಯನ್ನು ತಂದ. ಇದು ನಾನು ಹುಟ್ಟುವ ಮೊದಲಿನ ಮಾತು. ಆದರೂ ಮರಳಿ ಎಂಬ ಊರಿನ ನಮ್ಮ ಮನೆಯಲ್ಲಿ ಆ ಸಂಗತಿ ಎತ್ತಿ ಎಷ್ಟು ಜಗಳವಾಗುತ್ತಿತ್ತೆಂದರೆ, ಆ ದಿನ ಅವನ ಬಂಡಿಯಲ್ಲಿ ನಾನೂ ಕೂತಿದ್ದೆನೇನೋ ಎಂಬಷ್ಟು ನನಗದು ಗೊತ್ತು. ಕಾಲುವೆಯ ಕೆಲಸ ಮುಗಿದು, ಕ್ಯಾಂಪಿನ ಬಂಗಲೆಯಲ್ಲಿದ್ದ ಬಿಳಿಯ ಸಾಹೇಬನೊಬ್ಬ ತನ್ನ ದೇಶಕ್ಕೆ ಹೊರಟಿದ್ದ. ಅವನ ಮನೆಯ ಸಾಮಾನೆಲ್ಲ ಲಿಲಾವಿಗೆ, ಹರಾಜಿಗೆ ಬಂದಿತ್ತು. ಊರಿನ ಗಂಡಸರು ಬಂಡಿ ಹೂಡಿಕೊಂಡು ಹೋಗಿ ಒಬ್ಬರು ಕಬ್ಬಿಣದ ಮಂಚ, ಒಬ್ಬರು ಬೆತ್ತದ ಕುರ್ಚಿ, ಇನ್ನೊಬ್ಬರು ಮುಚ್ಚಳವಿಲ್ಲದ ಚಹಾದ ಕಿತ್ತಲಿ ತಂದರು. ಅಜ್ಜನಿಗೆ ಅಜ್ಜಿ ಹೊರಡುವವರೆಗೂ ಬೆನ್ನು ಹತ್ತಿ ಹೇಳಿ ಕಳಿಸಿದ್ದು ಹಂಡೆ. ಹಂಡೆ ಅಲ್ಲಿತ್ತು ಕೂಡ. ಆದರೆ ಅದರ ಹಿಂದೆ, ಗೋಡೆಗೆ ಒರಗಿಸಿ, ಒಂದು ಚಿತ್ರ ಇಟ್ಟಿದ್ದರು. ಹಂಡೆಯನ್ನು ಬೆರಳಿನಿಂದ ಬಡಿದು ನೋಡಲು ಬಗ್ಗಿದ ಅಜ್ಜ ಆ ಚಿತ್ರದ ಮುಂದೆ ಕುಕ್ಕರಗಾಲಿನಲ್ಲಿ ಕೂತವನು ಏಳಲೇ ಇಲ್ಲ. ಅಷ್ಟರಲ್ಲಿ ಹಂಡೆಯನ್ನು ಬೇರೆ ಯಾರೋ ಕೂಗಿ ಎತ್ತಿಕೊಂಡು ಹೋದರು.

ಬಂಗಾರದ ಬಣ್ಣ ಬಳಿದ ಕಟ್ಟು. ಒಳಗೆ, ಆಗಲೇ ಹಳೆಯದಾಗಿ ಅಂಚಿಗೆಲ್ಲ ಕಂದು ಚುಕ್ಕೆ ಬಿದ್ದ ಕಾಗದ. ಅದರ ಮೇಲೆ ನೀರುಬಣ್ಣದಲ್ಲಿ ಬರೆದ ದೊಡ್ಡ ಕೆರೆ. ಕೆರೆಯ ದಂಡೆಗೆ ಕಲ್ಲಿನ ಕೋಟೆಯಂಥ ಅರಮನೆ. ಅದರ ಗೋಪುರಗಳ ನೆತ್ತಿ ಮೆಣಸಿನಕಾಯಿಯ ತುದಿಯ ಹಾಗೆ ಚೂಪು. ಹಿಂದೆ ಬೆಟ್ಟ, ಬೆಟ್ಟದ ತಲೆಯ ಮೇಲೆ ಬಿಳಿ. ನೀರಿನ ನಡುವೆ ಒಂದು ದೋಣಿ, ದೋಣಿಯಲ್ಲಿ ಗಂಡೋ ಹೆಣ್ಣೋ ತಿಳಿಯದಷ್ಟು ಸಣ್ಣ ಇಬ್ಬರು. ಕಾಲುವೆ ಬರುವ ಮುಂಚಿನ ಬೇಸಿಗೆಗಳಲ್ಲಿ ಅಜ್ಜ ಹಳ್ಳದ ಉಸುಕು ತೋಡಿ, ಒಸರಿದ ನೀರನ್ನು ತಂಬಿಗೆಯಿಂದ ಬಗೆಬಗೆದು ಎತ್ತುಗಳಿಗೆ ಕುಡಿಸಿದವನು. ಹೊಳೆಯ ನೀರು ಅವನಿಗೆ ಗೊತ್ತಿತ್ತು, ಆದರೆ ಹೊಳೆ ಓಡಿಹೋಗುವಂಥದು. ಅಷ್ಟೊಂದು ನೀರು ಒಂದೇ ಕಡೆ, ಯಾರೂ ಕೊಡ ಹಿಡಿದು ಪಾಳಿ ಹಚ್ಚದೆ, ಯಾರೂ ಬೈದಾಡದೆ ಸುಮ್ಮನೆ ನಿಂತದ್ದನ್ನು ಅವನು ಜನ್ಮದಲ್ಲಿ ನೋಡಿರಲಿಲ್ಲ. ಬಂಡಿಯಿಂದ ಅದನ್ನು ಇಳಿಸಿಕೊಳ್ಳುವಾಗ ಅಜ್ಜಿ ಬಾಗಿಲಲ್ಲಿ ನಿಂತಿದ್ದಳಂತೆ.

“ಹಂಡೆ ಎಲ್ಲೈತ್ರಿ?”

“ನೀರ ತಂದೀನಲ್ಲ, ನೋಡಿಲ್ಲಿ.”

“ನೀರಿನ ಹಂಡೆ ತರ್ರಿ ಅಂದ್ರ ನೀರಿನ ಚಿತ್ರ ತಂದೀರಿ. ನಾಳಿ ಇದ್ರಾಗ ಇಳದು ಜಳಕಾ ಮಾಡ್ರಿ!”

ಆ ಚಿತ್ರದ ವಿಷಯದಲ್ಲಿ ಅಜ್ಜಿ ಅಜ್ಜನ ಜೊತೆ ನೇರವಾಗಿ ಆಡಿದ, ಮುಂದೆ ಎಷ್ಟೋ ವರ್ಷಗಳ ಮಟ್ಟಿಗೆ ಕೊನೆಯ, ಮಾತು ಅದು. ಬಿತ್ತನೆ, ದನ, ನೆಂಟರು, ಹಬ್ಬ, ಯಾವುದಕ್ಕೂ ಇಬ್ಬರ ನಡುವೆ ಮಾತಿಗೆ ಕೊರತೆಯಿರಲಿಲ್ಲ. ಚಿತ್ರದ ಮಾತು ಬಂತೆಂದರೆ ಮಾತ್ರ ನಡುವೆ ಮೂರನೆಯವರು ಬೇಕು. ಮೊದಲು ಅದು ನಮ್ಮಪ್ಪನ ಕೆಲಸವಾಗಿತ್ತು. ಅವನು ದೊಡ್ಡವನಾಗಿ ಹೊಲ ಹಿಡಿದ ಮೇಲೆ ಅವನ ತಂಗಿ ನೀಲಮ್ಮತ್ತೆಗೆ ಬಂತು. ನನಗೆ ಸರಿಯಾಗಿ ಮಾತು ಬಂದ ದಿನವೇ ಅತ್ತೆ ಅದನ್ನು ನನ್ನ ಕೊರಳಿಗೆ ಕಟ್ಟಿ ಕೈ ತೊಳೆದುಕೊಂಡಳು.

ನಮ್ಮದು ಆ ಕಡೆಯ ಎಲ್ಲ ಮನೆಗಳ ಹಾಗೆ ಚಪ್ಪಟೆ ಮಾಳಿಗೆಗೆ ಮಣ್ಣಿನ ಮೇಲ್ಮುದ್ದೆ ಹಾಕಿದ ಮನೆ. ಬಾಗಿಲು ದಾಟಿದರೆ ಮೊದಲು ದನ ಕಟ್ಟುವ ಜಾಗ, ಅಲ್ಲಿಂದ ಎದೆಮಟ್ಟ ಎತ್ತರಕ್ಕೆ ನಾವೆಲ್ಲ ಉಣ್ಣುವ, ಮಲಗುವ, ಜಗಳಾಡುವ ಪಡಸಾಲೆ. ಚಿತ್ರವನ್ನು ಅಜ್ಜ ಪಡಸಾಲೆಯ ನಟ್ಟನಡು ಗೋಡೆಗೆ ಹಾಕಿದ್ದ. ಬಂದವರು ಯಾರೇ ಇರಲಿ, ದನಗಳ ಬೆನ್ನಿನ ಮೇಲಿಂದ ಮೊದಲು ಕಾಣುವುದು ಅರಮನೆ, ಆಮೇಲೆ ನಾವು. ಊಟಕ್ಕೆ ಅಜ್ಜ ಅದಕ್ಕೆ ಎದುರಾಗಿ ಕೂರುತ್ತಿದ್ದ. ಅಜ್ಜಿ ಅದಕ್ಕೆ ಬೆನ್ನು ಕೊಟ್ಟು ಕೂರುತ್ತಿದ್ದಳು. ಕಸ ಹೊಡೆಯುವಾಗ ಆ ಗೋಡೆಯ ಹತ್ತಿರ ಬಂದರೆ ಸೆರಗು ಮುಂದಕ್ಕೆಳೆದುಕೊಂಡು ಮುಖ ಆ ಕಡೆ ತಿರುಗಿಸುತ್ತಿದ್ದಳು. ನಡುವೆ ರೊಟ್ಟಿಯ ಬುಟ್ಟಿ, ಪುಂಡಿಪಲ್ಯದ ಗಡಿಗೆ, ಗಡಿಗೆಯ ಪಕ್ಕದಲ್ಲಿ ನಾನು.

“ಗಿರಿಜಾ, ನಿಮ್ಮಜ್ಜಗ ಹೇಳು. ಅಷ್ಟ ದೊಡ್ಡ ಮನಿ, ಒಂದು ಒಲಿ ಹೊಗಿ ಕಾಣವಲ್ದು. ಹೊತ್ತು ನೆತ್ತಿಗೆ ಬಂದೈತಿ, ಆ ಮನಿ ಸೊಸಿ ಇನ್ನೂ ಮಲಗ್ಯಾಳೇನು?”

ಇಬ್ಬರ ಮೊಣಕಾಲೂ ಒಂದಕ್ಕೊಂದು ತಾಗುವಷ್ಟು ಹತ್ತಿರ ಕೂತಿದ್ದರು. ಆದರೂ ನಾನು ಅಜ್ಜನ ಕಡೆ ತಿರುಗಿ ಹೇಳಲೇಬೇಕು.

“ಅಜ್ಜ, ಆ ಮನಿಯಾಗ ಒಲಿ ಯಾಕ ಹಚ್ಚಿಲ್ಲಂತ.”

“ನಿಮ್ಮ ಅಜ್ಜಿಗೆ ಹೇಳು, ಅವ್ರು ಅರಮನಿ ಮಂದಿ. ಅಡಗಿ ಮನಿ ಹಿಂದ ಇರ್ತೈತಿ. ಎಲ್ಲಾರೂ ಈಕಿ ಹಂಗ ಊರ ಮಂದಿಗೆ ಹೊಗಿ ತೋರಿಸ್ಕೋತ ಅಡಗಿ ಮಾಡಂಗಿಲ್ಲ.”

“ಅಜ್ಜಿ, ಅಡಗಿ ಮನಿ ಹಿಂದ ಐತಂತ.”

ಖಾರವನ್ನು ಎಷ್ಟು ತೆಗೆಯಬೇಕು, ಎಷ್ಟು ಬಿಡಬೇಕು ಎಂಬುದು ನನಗೆ ಆಗಲೇ ತಿಳಿದಿತ್ತು. ಪೂರ್ತಿ ತೆಗೆದರೆ ಇಬ್ಬರಿಗೂ ಊಟ ರುಚಿಸುತ್ತಿರಲಿಲ್ಲ. ಮುಂದೆ ನಾನು ಕೊಪ್ಪಳದ ಸರಕಾರಿ ದವಾಖಾನೆಯಲ್ಲಿ ನರ್ಸಾಗಿ, ಡಾಕ್ಟರರ ಮಾತನ್ನು ರೋಗಿಯ ಮನೆಯವರಿಗೂ ಮನೆಯವರ ಸಿಟ್ಟನ್ನು ಡಾಕ್ಟರರಿಗೂ ಮುಟ್ಟಿಸುತ್ತ ನನ್ನ ಸರ್ವಿಸು ಮುಗಿಸಿದೆ. ಅದಕ್ಕೆ ಬೇಕಾದ ವಿದ್ಯೆಯನ್ನು ನನಗೆ ಯಾವ ತರಬೇತಿಯೂ ಕಲಿಸಲಿಲ್ಲ. ಅದೆಲ್ಲ ಆ ಗಡಿಗೆಯ ಪಕ್ಕದಲ್ಲಿ ಕೂತು ಕಲಿತದ್ದು.

ಬೆಟ್ಟದ ಮೇಲಿನ ಬಿಳಿ ಏನೆಂಬುದರ ಬಗ್ಗೆಯೂ ನಮ್ಮ ಮನೆಯಲ್ಲಿ ಪಕ್ಷಗಳಿದ್ದವು. ಅಜ್ಜನ ಪ್ರಕಾರ ಅದು ಬಿಡಿಸಿ ಒಟ್ಟಿದ ಹತ್ತಿ. ಅಪ್ಪನ ಪ್ರಕಾರ ಸುಣ್ಣ. ಒಮ್ಮೆ ನಮ್ಮ ಸಾಲಿಯ ಮಾಸ್ತರರು ಜನಗಣತಿಗೆ ಬಂದವರು ಚಹಾ ಕುಡಿಯುತ್ತ ಅದು ಮಂಜುಗಡ್ಡೆ ಎಂದರು. ಅಜ್ಜ ಮಂಜುಗಡ್ಡೆ ನೋಡಿದ್ದು ಗಂಗಾವತಿಯ ಸೋಡಾ ಅಂಗಡಿಯಲ್ಲಿ, ಕಟ್ಟಿಗೆಯ ಹೊಟ್ಟಿನೊಳಗೆ ಹುಗಿದದ್ದನ್ನು.

“ಮಾಸ್ತರ, ನಾ ಓದಿದಾಂವ ಅಲ್ಲ ಖರೆ. ಆದ್ರ ಅಷ್ಟು ಮಂಜುಗಡ್ಡಿ ಗುಡ್ಡದ ಮ್ಯಾಲ ಯಾರು ಹೊತ್ತ ಹಾಕ್ಯಾರ್ರಿ? ಹಾಕಿದ್ರೂ ಹೊಟ್ಟ ಮುಚ್ಚದ ಹಂಗ ಬಿಡ್ತಾರೇನು?”

ಮಾಸ್ತರರು ಚಹಾ ಮುಗಿಸಿ ಎದ್ದರು. ಇನ್ನೊಂದು ಸಲ, ಹುಲಿಗೆಮ್ಮನ ಹುಣ್ಣಿಮೆಗೆ ನಡೆದು ಹೊರಟಿದ್ದ ಹೆಂಗಸರು ನೀರು ಕೇಳಲು ಒಳಗೆ ಬಂದರು. ಅವರಲ್ಲೊಬ್ಬ ಮುದುಕಿ ಚೂಪು ಗೋಪುರ ಕಂಡದ್ದೇ ಯಾವುದೋ ದೇವಿಯ ಗುಡಿಯೆಂದು ತಿಳಿದು, ಗಾಜಿನ ಮೇಲೆ ಕುಂಕುಮ ಹಚ್ಚಿ, ಅಡ್ಡಬಿದ್ದು ಹೋದಳು. ಆ ಕುಂಕುಮವನ್ನು ಅಜ್ಜಿ ಒರೆಸಲಿಲ್ಲ. ಯಾರಾದರೂ ಕೇಳಿದರೆ, “ನಾ ಆ ಕಡೆ ನೋಡಂಗಿಲ್ಲವಾ, ಏನ ಹಚ್ಚ್ಯಾರೋ ಯಾರಿಗ್ಗೊತ್ತು” ಎನ್ನುತ್ತಿದ್ದಳು.

ನೀಲಮ್ಮತ್ತೆಯ ಮದುವೆಯ ಮಾತು ಶುರುವಾಗಿ ಬಹಳ ದಿನವಾಗಿತ್ತು. ಅತ್ತೆ ನೋಡಲು ಚೆಂದ, ಗದ್ದೆಯಲ್ಲಿ ನಾಟಿಗೆ ಬಗ್ಗಿದರೆ ಅವಳ ಸಾಲು ದಾರ ಹಿಡಿದ ಹಾಗೆ. ಅವಳ ತೊಂದರೆ ಬಾಯಿ. ಕೇಳಿದ್ದಕ್ಕೆ ಇದ್ದದ್ದನ್ನು ಇದ್ದ ಹಾಗೆ ಹೇಳುವಳು. ಹಿಂದೆ ನೋಡಲು ಬಂದ ಒಬ್ಬ ವರ, “ಹೊಲದ ಕೆಲಸ ಬರ್ತೈತೇನು?” ಎಂದು ಕೇಳಿದ್ದಕ್ಕೆ, “ನನಗ ಬರ್ತೈತ್ರಿ, ನಿಮ್ಮ ಕೈ ನೋಡಿದ್ರ ನಿಮಗ ಬರಂಗ ಕಾಣವಲ್ದು” ಎಂದಿದ್ದಳು. ಅವರು ಅವಲಕ್ಕಿ ಮುಟ್ಟದೆ ಎದ್ದು ಹೋಗಿದ್ದರು. ಈಗ ಕುಷ್ಟಗಿ ಕಡೆಯ ಒಂದು ಮನೆತನ ಬರುವುದಿತ್ತು. ಹುಡುಗ ಸಾಲಿ ಮಾಸ್ತರ, ಹೆಸರು ಶರಣಪ್ಪ. ಇದೂ ತಪ್ಪಿದರೆ ಓಣಿಯಲ್ಲಿ ಮುಖ ತೋರಿಸುವ ಹಾಗಿಲ್ಲ ಎಂದು ಅಜ್ಜಿ ನಿದ್ದೆ ಕೆಡಿಸಿಕೊಂಡಿದ್ದಳು.

“ನಾಳಿ ಒಂದ ದಿನ ಬಾಯಿ ತಗೀಬ್ಯಾಡ ತಾಯಿ. ಹೂಂ ಅನ್ನು, ಇಲ್ಲಂದ್ರ ಸುಮ್ಮನಿರು.”

“ಕೇಳಿದ್ರ ಹೇಳಬಾರದೇನು ಯವ್ವಾ?”

“ಕೇಳಿದ್ರ ನಾ ಹೇಳ್ತೀನಿ.”

ನೋಡಲು ಬರುವ ಹಿಂದಿನ ದಿನ ಅಜ್ಜ ಸಂತೆ ಸಾಮಾನಿಗೆ ಗಂಗಾವತಿಗೆ ಹೋಗಿದ್ದ. ಅವ್ವ ನೆಲ ಸಾರಿಸುತ್ತಿದ್ದಳು. ಅಜ್ಜಿ ದನಗಳ ಮೈ ಕೂಡ ತೊಳೆಸಿದ್ದಳು. ಅತ್ತೆ ಗೋಡೆಯ ಧೂಳು ಹೊಡೆಯುತ್ತ ಚಿತ್ರ ಕೆಳಗಿಳಿಸಿದಳು. ಗಾಜಿನ ಒಳಮೈಗೆ ಜೇಡರ ಬಲೆ ಕಟ್ಟಿತ್ತು, ಹಿಂದಿನ ಹಲಗೆಗೆ ಗೆದ್ದಲು ಹತ್ತಿತ್ತು. ಅವಳು ಹಲಗೆ ಬಿಚ್ಚಿದಳು, ಗಾಜು ತೆಗೆದು ತೊಳೆದಿಟ್ಟಳು. ಆಮೇಲೆ, ಸಾಲಿಯ ಪಾಟಿ ಒರೆಸುವ ಹಾಗೆ, ಹಸಿ ಅರಿವೆಯಿಂದ ಚಿತ್ರವನ್ನೂ ಒಮ್ಮೆ ಒರೆಸಿದಳು.

ನಾನು ಪಕ್ಕದಲ್ಲೇ ಇದ್ದೆ. ಅರಿವೆ ಎಡದಿಂದ ಬಲಕ್ಕೆ ಹೋಯಿತು, ಕೆರೆ ಅದರ ಜೊತೆಗೇ ಹೋಯಿತು. ದೋಣಿಯೂ ಇಲ್ಲ, ದೋಣಿಯ ಮಂದಿಯೂ ಇಲ್ಲ. ಅರಮನೆ ಒಂದು ಬೆಳ್ಳನೆಯ ಬಯಲಿನ ದಂಡೆಯಲ್ಲಿ, ಬೇಸಿಗೆಯಲ್ಲಿ ನಮ್ಮ ಹಳ್ಳದ ಪಕ್ಕದ ಗುಡಿ ನಿಂತ ಹಾಗೆ ನಿಂತಿತ್ತು. ಅತ್ತೆ ಅರಿವೆಯನ್ನು ನೋಡಿದಳು, ಕಾಗದವನ್ನು ನೋಡಿದಳು. ಅರಿವೆಯನ್ನು ಕಾಗದದ ಮೇಲೆ ಹಿಂಡಿದರೆ ನೀರು ತಿರುಗಿ ಬಂದೀತೇನೋ ಎಂಬಂತೆ ಅದನ್ನು ಹಿಡಿದು ನಿಂತಳು. ಆಮೇಲೆ, ಎಂದೂ ಅತ್ತದ್ದನ್ನು ನಾನು ನೋಡಿರದ ನೀಲಮ್ಮತ್ತೆ, ನೆಲದ ಮೇಲೆ ಕೂತು ಅಳತೊಡಗಿದಳು.

“ಅಪ್ಪ ಸತ್ತ ಹೋಗ್ತಾನ ಯವ್ವಾ. ಇದನ್ನ ನೋಡಿ ಸತ್ತ ಹೋಗ್ತಾನ.”

ಇಷ್ಟು ವರ್ಷ ಆ ಚಿತ್ರ ಸುಟ್ಟು ಹೋಗಲಿ ಎಂದು ಹರಕೆ ಹೊತ್ತವಳ ಹಾಗೆ ಇದ್ದ ಅಜ್ಜಿಗೆ ಇದು ಹಬ್ಬವಾಗಬೇಕಿತ್ತು. ಅವಳು ಬಂದು, ಸೊಂಟದ ಮೇಲೆ ಕೈ ಇಟ್ಟು, ಕಾಗದವನ್ನು ದಿಟ್ಟಿಸಿ ನೋಡಿದಳು. ಅವಳು ಅದನ್ನು ನೇರವಾಗಿ ನೋಡಿದ್ದನ್ನು ನಾನು ಕಂಡದ್ದು ಅದೇ ಮೊದಲು.

“ಅಳೂದು ಬಿಡು. ಅರಿಬಿಗೆ ಹಾಕೂ ನೀಲಿ ಪುಡಿ ತಂದು ಕಲಸು. ಗಿರಿಜಾ, ನೀ ಹಿತ್ತಲ ಜಾಲಿ ಗಿಡದ ಅಂಟು ಕಿತ್ಕೊಂಡ ಬಾ.”

ಹಬ್ಬ ಬಂದರೆ ಓಣಿಯ ಗೋಡೆಗಳ ಮೇಲೆ ಸುಣ್ಣ, ಕೆಮ್ಮಣ್ಣಿನಲ್ಲಿ ನವಿಲು, ಆನೆ ಬರೆಯುವುದು ನಮ್ಮ ಅಜ್ಜಿಯೇ. ದೇವರ ದೀಪದ ಹತ್ತಿಯ ಬತ್ತಿಯನ್ನು ಹೊಸೆದು ಕಡ್ಡಿಗೆ ಸುತ್ತಿ, ಅಂಟು ಕಲಸಿದ ನೀಲಿಯಲ್ಲಿ ಅದ್ದಿ, ಮೂಗು ಕಾಗದಕ್ಕೆ ತಾಗುವಷ್ಟು ಬಗ್ಗಿ ಕೆರೆ ತುಂಬಿಸತೊಡಗಿದಳು. ಅತ್ತೆ ನೀಲಿ ಕಲಸಿ ಕಲಸಿ ಕೊಟ್ಟಳು. ಅರಮನೆಯ ಬುಡಕ್ಕೆ ನೀರು ಎಲ್ಲಿ ಕಪ್ಪಾಗಿರಬೇಕು, ದಂಡೆ ಎಲ್ಲಿ ಒಳಗೆ ಬಾಗಬೇಕು ಎಂದು ಅಜ್ಜಿ ಯಾರನ್ನೂ ಕೇಳಲಿಲ್ಲ. ಕಾಡಿಗೆಯ ಡಬ್ಬಿ ತೆಗೆದು ದೋಣಿ ಬರೆಯುವಾಗ, ಅದು ನಟ್ಟನಡು ಇತ್ತೆಂದು ನಾನು ಹೇಳಿದೆ.

“ನಟ್ಟನಡು ಇರಲಿಲ್ಲ. ಅರಮನಿ ಕಡೆ ಸ್ವಲ್ಪ ಸರದಿತ್ತು. ಮುಂದ ಕುಂತಾಕಿ ಹೆಣ್ಮಗಳು, ತಲಿ ಮ್ಯಾಲ ಸೆರಗಿತ್ತು. ನಿಂಗೇನು ಗೊತ್ತು?”

ದೋಣಿಯ ಇಬ್ಬರನ್ನೂ ಕೂರಿಸಿದ ಮೇಲೆ ಬತ್ತಿಯಲ್ಲಿ ಇನ್ನೂ ಚೂರು ಕಾಡಿಗೆ ಉಳಿದಿತ್ತು. ಅಜ್ಜಿ ಸುತ್ತ ನೋಡಿ, ಅರಮನೆಯ ಮಾಡಿನ ಮೇಲೊಂದು ಗೆರೆ ಎಳೆದು ಬೆರಳಿನಿಂದ ಮೇಲಕ್ಕೆ ತೀಡಿದಳು. ಹೊಗೆ ಎದ್ದಿತು.

“ಒಲಿ ಹಚ್ಚಲಿ. ಪಾಪ, ಎಷ್ಟು ದಿನದಿಂದ ಉಪಾಸ ಅದಾರ.”

ಅಜ್ಜ ಮುಸ್ಸಂಜೆಗೆ ಬಂದ, ದಣಿದಿದ್ದ, ದೀಪದ ಮಬ್ಬು ಬೆಳಕಿನಲ್ಲಿ ಉಂಡು ಮಲಗಿದ. ಬೆಳಿಗ್ಗೆ ಎದ್ದವನು ಹೊರಗಿನ ಕಟ್ಟೆ, ದಾರಿ, ಬಂಡಿ ಅಂತ ಓಡಾಡಿದ. ಚಿತ್ರ ಗೋಡೆಗೆ ಇತ್ತು, ಆದರೆ ಅವನ ಕಣ್ಣು ಆ ಕಡೆ ಬೀಳಲಿಲ್ಲ. ಬಿದ್ದದ್ದು ಬೀಗರನ್ನು ಪಡಸಾಲೆಗೆ ಕರೆತಂದು ಕಂಬಳಿಯ ಮೇಲೆ ಕೂರಿಸಿದ ಮೇಲೆ. ಅದೂ ಅವನಾಗಿ ನೋಡಿದ್ದಲ್ಲ. ಹುಡುಗನ ಅಪ್ಪ ವೀರಭದ್ರಪ್ಪನವರು ಎಲೆ ಅಡಿಕೆ ಮರೆತು ಗೋಡೆಯನ್ನೇ ನೋಡುತ್ತಿದ್ದರು.

“ಕೆರಿ ಭಾರಿ ಐತ್ರಿ.”

ಅಜ್ಜನ ಮುಖ ಅರಳಿತು. “ಹೌದ್ರಿ. ಯಾವ ಬ್ಯಾಸಿಗಿಗೂ ಬತ್ತಿಲ್ಲ.”

“ಎಷ್ಟು ಹೊಲಕ್ಕ ನೀರಾಗ್ತೈತ್ರಿ?”

“ಅದು ಕಾಣಂಗಿಲ್ರಿ. ತೂಬು ಆ ಕಡಿ ಇರಬೇಕು.”

“ಮನ್ಯಾಗ ಅಡಗಿ ನಡದಂಗ ಕಾಣತೈತಿ. ಹೊಗಿ ಬರಾಕತ್ತೈತಲ್ರಿ.”

ಅಜ್ಜ ತಿರುಗಿ ನೋಡಿದ. ನೀಲಿ ಹೆಚ್ಚಾದ ಧೋತರದಂತೆ ಕೆರೆ ಕಣ್ಣು ಕುಕ್ಕುವ ನೀಲಿಯಾಗಿತ್ತು. ಅವನ ಬಾಯಿ ತೆರೆಯಿತು, ಮುಚ್ಚಲಿಲ್ಲ. ಅದೇ ಹೊತ್ತಿಗೆ ಅತ್ತೆ ಅವಲಕ್ಕಿಯ ತಾಟು ಹಿಡಿದು ಬಂದಳು. ಹುಣಸೆಹಣ್ಣು, ಶೀಗೆಪುಡಿ, ಬೂದಿ ಎಲ್ಲ ಹಾಕಿ ತಿಕ್ಕಿದ್ದರೂ ಅವಳ ಬೆರಳು, ಉಗುರು ಇನ್ನೂ ನೀಲಿಯಾಗಿಯೇ ಇದ್ದವು. ಹುಡುಗನ ತಾಯಿ ತಾಟು ತೆಗೆದುಕೊಳ್ಳುವವರು ಕೈ ಹಿಂದಕ್ಕೆಳೆದುಕೊಂಡರು.

“ಕೈಗೇನಾಗೈತವಾ? ಏನರ ರೋಗ ಐತೇನು?”

ಅಡುಗೆಮನೆಯ ಬಾಗಿಲ ಹಿಂದಿನಿಂದ ಅಜ್ಜಿ ತಟ್ಟನೆ ಹೇಳಿದಳು, “ಏನಿಲ್ರಿ, ನಿನ್ನಿ ನೀಲಿ ಕಲಸ್ಯಾಳ.” ಅದು ಸುಳ್ಳೂ ಅಲ್ಲ. ಮಾತು ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಅತ್ತೆ ಅಜ್ಜನ ಮುಖ ನೋಡಿದಳು. ತಾಟು ಕೆಳಗಿಟ್ಟಳು.

“ಅಪ್ಪಾ, ನಿನ್ನ ಕೆರಿ ನಾ ಅಳಿಸೀನಿ. ಧೂಳ ಒರಸಾಕ ಹೋಗಿ ಹಸಿ ಅರಿಬಿ ಹಚ್ಚಿದ್ನಿ. ನೀರೆಲ್ಲಾ ಅರಿಬಿಗೆ ಬಂತು.”

ಕೆಳಗೆ ಎತ್ತೊಂದು ಉಚ್ಚೆ ಹೊಯ್ಯತೊಡಗಿತು, ಅದು ಮುಗಿಯಲೊಲ್ಲದು. ಅಜ್ಜಿ ಬಾಗಿಲ ಹಿಂದೆ ಹಣೆ ಬಡಿದುಕೊಂಡದ್ದು ನನಗೆ ಕಾಣಿಸಿತು.

“ಹಂಗಾದ್ರ ಇದನ್ನ ಬರದೋರ್ಯಾರು?” ಎಂದ ಅಜ್ಜ. ಕೇಳಿ, ರೂಢಿಯಂತೆ ನನ್ನ ಕಡೆ ನೋಡಿದ. ಆ ಪ್ರಶ್ನೆಯನ್ನು ಒಳಗೆ ಒಯ್ಯಲು ನಾನು ಬಾಯಿ ತೆರೆಯುವಷ್ಟರಲ್ಲಿ ಅಜ್ಜಿಯೇ ಹೊರಗೆ ಬಂದಳು.

“ನಾ ಬರದೀನ್ರಿ. ಹೊಗಿನೂ ನಾನ ಬರದೀನಿ.”

ಅಜ್ಜ ಎದ್ದು ಗೋಡೆಯ ಹತ್ತಿರ ಹೋದ. ಗಾಜಿಗೆ ಮೂಗು ತಾಗಿಸಿ ಬಹಳ ಹೊತ್ತು ನಿಂತ. ಅವನು ಚಿತ್ರವನ್ನು ಕಿತ್ತು ದನಗಳ ಮೇಲೆ ಎಸೆಯುತ್ತಾನೆಂದು ನಾನು ಕಣ್ಣು ಮುಚ್ಚಿಕೊಂಡೆ.

“ದೋಣಿ ಇದ್ದಲ್ಲೇ ಐತಿ,” ಎಂದ. “ಮುಂದ ಕುಂತಾಕಿ ಸೆರಗೂ ಐತಿ.”

“ಮತ್ತ? ದಿನಾ ನೋಡಿಲ್ಲೇನ್ರಿ ನಾ?”

“ನೋಡ್ತಿದ್ಯಾ?”

ಅಜ್ಜಿ ಸೆರಗು ಮುಂದಕ್ಕೆಳೆದುಕೊಂಡಳು. ಅಜ್ಜ ಬಂದು ತನ್ನ ಜಾಗದಲ್ಲಿ ಕೂತ. ಬೀಗರು ಇದ್ದಾರೆಂಬುದನ್ನು ಇಬ್ಬರೂ ಮರೆತಿದ್ದರು. ನೆನಪಿಸಿದವರು ಹುಡುಗನ ತಾಯಿ.

“ಹುಡುಗಿ ಭಾಳ ಮಾತಾಡ್ತಾಳ ನೋಡ್ರಿ,” ಎಂದರು ಗಂಡನಿಗೆ, ಎಲ್ಲರಿಗೂ ಕೇಳುವ ಹಾಗೆ.

ಅಲ್ಲಿಯವರೆಗೆ ತಲೆ ತಗ್ಗಿಸಿಕೊಂಡು ಕೂತಿದ್ದ ಹುಡುಗ ಮೆಲ್ಲಗೆ ಬಾಯಿ ಬಿಟ್ಟ. “ಇರಲಿ ಬಿಡವಾ. ಹೆಸರೂ ನೀಲಮ್ಮ, ಕೈನೂ ನೀಲಿ. ಸುಳ್ಳಂತೂ ಹೇಳಂಗಿಲ್ಲ.”

ಅತ್ತೆ ತುಟಿ ಕಚ್ಚಿ ತಡೆದುಕೊಳ್ಳಲು ನೋಡಿದಳು, ಆಗಲಿಲ್ಲ. ಜೋರಾಗಿ ನಕ್ಕುಬಿಟ್ಟಳು. ಮದುವೆಗೆ ಕೂತ ಹುಡುಗಿ ಹಾಗೆ ನಕ್ಕದ್ದನ್ನು ಮರಳಿಯಲ್ಲಿ ಯಾರೂ ಕೇಳಿರಲಿಲ್ಲ. ವೀರಭದ್ರಪ್ಪನವರು ಎಲೆಗೆ ಸುಣ್ಣ ಹಚ್ಚುತ್ತ ತೀರ್ಮಾನ ಹೇಳಿದರು.

“ನಮ್ಮ ಕಡೆ ಕೆರಿನೂ ಇಲ್ಲ, ಕಾಲುವಿನೂ ಇಲ್ರಿ. ಅಳಿಸಿಬಿಡ್ತಾಳಂತ ನಮಗೇನು ಅಂಜಿಕಿ ಇಲ್ಲ. ನಿಮ್ಮ ಒಪ್ಪಿಗಿ ಇದ್ರ ಮುಂದಿಂದು ಮಾತಾಡೂಣು.”

ಮಾತಾಡಿದರು. ಅವಲಕ್ಕಿ ಖಾಲಿಯಾಯಿತು, ಮಿರ್ಚಿಭಜಿ ಖಾಲಿಯಾಯಿತು. ಹುಡುಗನ ತಾಯಿ ಹೊರಡುವ ಮುಂಚೆ ಅತ್ತೆಯ ಕೈ ಹಿಡಿದು, ಉಗುರಿಗೆ ನಿಂಬೆಹಣ್ಣು ತಿಕ್ಕಲು ಹೇಳಿದರು. ವೀರಭದ್ರಪ್ಪನವರು ಮೆಟ್ಟಿಲಿಳಿಯುವವರು ನಿಂತು, ಮನಸ್ಸಿನಲ್ಲಿದ್ದದ್ದನ್ನು ಹೇಳಿಯೇಬಿಟ್ಟರು: ಮಗಳ ಜೊತೆಗೆ ಆ ಚಿತ್ರವನ್ನೂ ಕೊಟ್ಟರೆ ತಮ್ಮ ಮನೆಗೂ ಒಂದು ಕೆರೆ ಆಗುತ್ತಿತ್ತು. ಅಜ್ಜ ಬೀಗರ ಮಾತಿಗೆ ಇಲ್ಲ ಅನ್ನಲಾರದೆ, ಹೂಂ ಅನ್ನಲಾರದೆ ನಿಂತ. ಅಜ್ಜಿಗೆ ಅಂಥ ಕಷ್ಟವೇನೂ ಆಗಲಿಲ್ಲ.

“ಮಗಳನ್ನ ಕೊಡ್ತೀವ್ರಿ. ಕೆರಿ ಕೊಡಂಗಿಲ್ಲ.”

ಅತ್ತೆ ಕುಷ್ಟಗಿ ಕಡೆಗೆ ಹೋದ ಮೇಲೆ ಮನೆ ಸ್ವಲ್ಪ ದಿನ ಭಣಭಣ ಎನ್ನುತ್ತಿತ್ತು. ಇದ್ದದ್ದನ್ನು ಇದ್ದ ಹಾಗೆ ಹೇಳುವವರು ಯಾರೂ ಉಳಿದಿರಲಿಲ್ಲ. ಒಂದು ಮಧ್ಯಾಹ್ನ, ಊಟ ಮುಗಿದು ನಾನು ತಾಟು ಎತ್ತುತ್ತಿದ್ದಾಗ, ಅಜ್ಜ ಚಿತ್ರವನ್ನೇ ನೋಡುತ್ತ ಗಂಟಲು ಸರಿಮಾಡಿಕೊಂಡ.

“ಈ ದಂಡ್ಯಾಗ ಜಾಗಾ ಭಾಳ ಖಾಲಿ ಬಿದ್ದೈತಿ. ಇಲ್ಲೊಂದು ಎಮ್ಮಿ ಬರೀತಿಯೇನು?”

“ಅರಮನಿ ಮುಂದ ಎಮ್ಮಿ ಏನ್ರಿ?”

“ಯಾಕ, ಅವರಿಗೆ ಹಾಲು ಬ್ಯಾಡೇನು?”

ಅಜ್ಜಿ ಬೈಯುತ್ತಲೇ ಎದ್ದಳು. ಬೈಯುತ್ತಲೇ ಹಲಗೆ ಬಿಚ್ಚಿಸಿದಳು, ಕಾಡಿಗೆಯ ಡಬ್ಬಿ ತರಿಸಿದಳು, ಬತ್ತಿ ಹೊಸೆದಳು. ಕೆರೆಯ ದಂಡೆಯಲ್ಲಿ ಮೊದಲು ಬೆನ್ನು ಬಂತು, ಆಮೇಲೆ ಹೊಟ್ಟೆ, ಕಾಲು, ಬಾಲ. ಅಜ್ಜ ಅವಳ ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದ. ಅದು ಯಾರ ಮನೆಯ ಎಮ್ಮೆಯೆಂದು ಕೇಳುವುದೇ ಬೇಕಿರಲಿಲ್ಲ. ನಮ್ಮ ಎಮ್ಮೆಯ ಜೋತ ಹೊಟ್ಟೆ, ಅದರ ಗಿಡ್ಡ ಬಾಲ. ಕೋಡಿಗೆ ಬಂದಾಗ ಅಜ್ಜನಿಗೆ ತಡೆಯಲಾಗಲಿಲ್ಲ.

“ಕೋಡು ತಪ್ಪೈತಿ. ಎರಡೂ ಹಿಂದಕ್ಕ ಬಾಗ್ಯಾವ ಅದರವು.”

“ಒಂದು ಹಿಂದಕ್ಕ ಬಾಗೈತಿ, ಒಂದು ಕೆಳಗ ಇಳದೈತಿ. ದಿನಾ ಹಾಲು ಹಿಂಡಾಕಿ ನಾನೋ ನೀವೋ? ಹೋಗಿ ನೋಡ್ಕೊಂಡ ಬರ್ರಿ.”

ಅಜ್ಜ ಪಡಸಾಲೆಯಿಂದ ಕೆಳಗಿಳಿದ. ಎಮ್ಮೆಯ ಎದುರು ನಿಂತು ಅದರ ಮುಖವನ್ನು ಆ ಕಡೆ ತಿರುಗಿಸಿದ, ಈ ಕಡೆ ತಿರುಗಿಸಿದ. ಎಡಗೋಡನ್ನು ಬುಡದಿಂದ ತುದಿಯವರೆಗೆ ಅಂಗೈಯಲ್ಲಿ ಸವರಿದ, ಬಲಗೋಡನ್ನೂ ಸವರಿದ. ಎಮ್ಮೆಗೆ ಬೇಸರವಾಗಿ ಅವನ ಧೋತರದ ತುದಿ ಬಾಯಿಗೆ ಹಾಕಿಕೊಂಡಿತು. ಅದನ್ನು ಬಿಡಿಸಿಕೊಂಡು ಅವನು ಮೆಲ್ಲಗೆ ಮೇಲೆ ಬಂದ, ಅಜ್ಜಿಯ ಪಕ್ಕದಲ್ಲಿ ಕೂತ.

“ನೀ ಬರದಿದ್ದು ಬರೋಬರಿ ಐತಿ,” ಎಂದ.